ಕ್ಷಮೆ ಕೇಳಿದ ಮೈದುನ

ಕುಂಟುತ್ತಾ ಮೆಟ್ಟಿಲು ಹತ್ತಿ ಬಂದ ಹೊಸಬನನ್ನು ಕಂಡದ್ದೇ, ಸೊಪ್ಪು ಕೊಯ್ಯುತ್ತಿದ್ದ ದೊಡ್ಡಕ್ಕನ ಕೈ ನಿಂತಿತು. ಮೈದುನ! "ಅಣ್ಣನ ಊಟಕ್ಕೆ ವಿಷ ಬೆರೆಸಿದ್ದು ಅತ್ತಿಗೆಯೇ, ಕಣ್ಣಾರೆ ಕಂಡೆ" ಎಂದು ನ್ಯಾಯಾಲಯದಲ್ಲಿ ಹೇಳಿ, ಅವಳ ಅರ್ಧ ಆಯುಸ್ಸನ್ನು ಜೈಲಿಗೆ ತಳ್ಳಿದವನು.

ಅವನಿಗೂ ಗುರುತು ಸಿಕ್ಕಿತು. ಮುಖ ಬಿಳುಚಿಕೊಂಡಿತು. ಆದರೆ ತಿರುಗಿ ಹೋಗಲಿಲ್ಲ. ಹೋಗುವುದಾದರೂ ಎಲ್ಲಿಗೆ? ಕಟ್ಟಡದ ಕೆಲಸದಲ್ಲಿ ಬಿದ್ದು ಕಾಲು ಮುರಿದುಕೊಂಡ ಮೇಲೆ ಅವನನ್ನು ಯಾರೂ ಕೆಲಸಕ್ಕೆ ಸೇರಿಸಿಕೊಂಡಿರಲಿಲ್ಲ. ಹಳೆಯ ಪಾರ್ಕಿಂಗ್ ಕಟ್ಟಡದ ತಾರಸಿಯ ಮೇಲಿನ ಈ ತರಕಾರಿ ತೋಟ ಇದ್ದದ್ದೇ ಅಂಥವರಿಗಾಗಿ. ಜೈಲಿನಿಂದ ಬಂದವರು, ಕುಡಿತ ಬಿಟ್ಟವರು, ಕೈಕಾಲು ಸೋತವರು ಇಲ್ಲಿ ಸಾವಯವ ಕೃಷಿ ಕಲಿತರೆ ನಗರದ ನರ್ಸರಿಗಳಲ್ಲಿ ಕೆಲಸ ಸಿಗುತ್ತಿತ್ತು.

"ಇಲ್ಲಿ ವಿಷಕ್ಕೆ ಮಾತ್ರ ಜಾಗ ಇಲ್ಲ. ಉಳಿದದ್ದೆಲ್ಲ ದೊಡ್ಡಕ್ಕ ಕಲಿಸ್ತಾರೆ," ಎಂದು ತೋಟ ನಡೆಸುವ ಮೇಷ್ಟ್ರು ಅವನನ್ನು ಅವಳ ಕೈಗೇ ಒಪ್ಪಿಸಿದರು.

ಅವಳು ಕೂಗಾಡಲಿಲ್ಲ. ಗೊಬ್ಬರದ ಗುಂಡಿ ತೋರಿಸಿದಳು. "ಕೊಳೆತದ್ದನ್ನ ಕೆದಕೋದು ನಿಂಗೆ ಅಭ್ಯಾಸ ಇದೆಯಲ್ಲ. ಶುರು ಮಾಡು."

ಮಧ್ಯಾಹ್ನ ಎಲ್ಲರಿಗೂ ಟೀ ಬಗ್ಗಿಸಿಕೊಡುತ್ತಿದ್ದವಳು ಅವಳೇ. ಅವನು ಲೋಟ ಇಸಿದುಕೊಳ್ಳುತ್ತಿದ್ದ, ಗೋಡೆಯ ಮರೆಗೆ ಹೋಗಿ ಚೆಲ್ಲಿಬಿಡುತ್ತಿದ್ದ. ಕುಡಿತ ಬಿಟ್ಟ ಡ್ರೈವರ್ ಅದನ್ನು ನೋಡಿದ.

"ಯಾಕಕ್ಕ, ನಿನ್ನ ಕಂಡ್ರೆ ಅವನಿಗೆ ಅಷ್ಟು ಭಯ?"

"ಅವನ ಒಂದು ಮಾತಿಗೆ ನಾನು ಜೈಲಿಗೆ ಹೋದೆ ಕಣಪ್ಪ."

"ಸುಳ್ಳು ಸಾಕ್ಷಿನಾ?"

ಅವಳು ಮಣ್ಣಾದ ತೋಳಿನಿಂದ ಕಣ್ಣೊರೆಸಿಕೊಂಡಳು. ಅಷ್ಟೇ ಸಾಕಾಯಿತು.

ಆಮೇಲೆ ಅವನ ಜೊತೆ ಯಾರೂ ಮಾತಾಡಲಿಲ್ಲ. ಅವನು ಊಟಕ್ಕೆ ಕೂತರೆ ಉಳಿದವರು ಎದ್ದು ಹೋದರು. ಅವನು ನೆಟ್ಟ ಸಸಿಗಳು ಬೆಳಗಾಗುವಷ್ಟರಲ್ಲಿ ಬುಡಮೇಲಾಗಿರುತ್ತಿದ್ದವು. ನೀರಿನ ಟ್ಯಾಂಕಿನ ಹಿಂದೆ ಒಬ್ಬನೇ ಕೂತು ಒಣ ಬ್ರೆಡ್ಡು ನುಂಗುವವನನ್ನು ನೋಡಿ ದೊಡ್ಡಕ್ಕನ ಹೊಟ್ಟೆ ತಣ್ಣಗಾಗುತ್ತಿತ್ತು. ಆದರೂ ಪೂರ್ತಿ ತಣ್ಣಗಾಗಲಿಲ್ಲ.

ಒಂದು ದಿನ ಅವನು ಕೈಮುಗಿದ. "ಅತ್ತಿಗೆ, ಈ ಜಾಗವೂ ತಪ್ಪಿದ್ರೆ ನಂಗೆ ಬೇರೆ ದಿಕ್ಕಿಲ್ಲ. ಏನು ಮಾಡಿದ್ರೆ ಬಿಡ್ತೀರಿ?"

"ಎಲ್ಲರ ಮುಂದೆ ಹೇಳು, ಕೋರ್ಟಲ್ಲಿ ಸುಳ್ಳು ಹೇಳಿದ್ದೆ ಅಂತ."

ಅವನು ಮುಗಿದ ಕೈ ಇಳಿಸಿ ಗೊಬ್ಬರದ ಗುಂಡಿಗೆ ಹಿಂತಿರುಗಿದ.

ವಾರ ಕಳೆಯುವಷ್ಟರಲ್ಲಿ ಡ್ರೈವರ್ ಎಲ್ಲರನ್ನೂ ಕಟ್ಟಿಕೊಂಡು ಮೇಷ್ಟ್ರ ಬಳಿ ಹೋದ. "ಅವನಿರಬೇಕು, ಇಲ್ಲ ನಾವಿರಬೇಕು." ಮೇಷ್ಟ್ರು ಮೈದುನನನ್ನು ಕರೆಸಿದರು. ಅವನು ಗುದ್ದಲಿ ಊರಿ ನಿಂತ. ಸುತ್ತ ಇದ್ದ ಮುಖಗಳನ್ನು ಒಂದೊಂದಾಗಿ ನೋಡಿದ. ಕೊನೆಗೆ ತಲೆ ತಗ್ಗಿಸಿದ.

"ತಪ್ಪಾಯ್ತು ಅತ್ತಿಗೆ. ನಾನು ಏನೂ ನೋಡಿರಲಿಲ್ಲ. ಸುಳ್ಳು ಹೇಳ್ಬಿಟ್ಟೆ."

ಯಾರೋ ಕ್ಯಾಕರಿಸಿ ಉಗಿದರು. ಮೇಷ್ಟ್ರ ಕಣ್ಣು ತುಂಬಿತು. "ದೊಡ್ಡಕ್ಕ, ಕ್ಷಮಿಸಿಬಿಡಿ."

ಅವಳು ಆತುರಪಡಲಿಲ್ಲ. ಚಪ್ಪರದಿಂದ ಎಳೆಯ ಸೌತೆಕಾಯಿ ಕಿತ್ತು, ಒರೆಸಿ, ಅವನ ಕೈಗಿಟ್ಟಳು. "ತಿನ್ನು."

ಎಲ್ಲರೂ ನೋಡುತ್ತಿದ್ದರು. ಅವನು ಕಣ್ಣು ಮುಚ್ಚಿ ಕಚ್ಚಿದ, ನುಂಗಿದ. ಚಪ್ಪಾಳೆ ಬಿತ್ತು. ಡ್ರೈವರ್ ಅವಳ ಕಾಲು ಮುಟ್ಟಿ, "ದೇವತೆ ನೀನು" ಎಂದ.

ಅವಳು ಮೈದುನನ ಕಿವಿಯ ಹತ್ತಿರ ಬಾಗಿದಳು. "ಹೆದರಬೇಡ. ಈ ಸಲ ಏನೂ ಬೆರೆಸಿಲ್ಲ."