ಸೊಳ್ಳೆಯ ಹೇಳಿಕೆ

ಸೊಳ್ಳೆಗಳಿಗೆ ಮಾತು ಬಂದ ಮೇಲೆ ಮಂಗಳೂರಿನ ಆಸ್ಪತ್ರೆಗಳಲ್ಲಿ ರಕ್ತಪರೀಕ್ಷೆಯೊಂದೇ ಸಾಲದಾಯಿತು. ಕಚ್ಚಿದ ಸೊಳ್ಳೆಯ ಹೇಳಿಕೆ ಪಡೆದೇ ಮಲೇರಿಯಾ ಮಾತ್ರೆ ಕೊಡಬೇಕು. ಬಂದರಿನ ಕೂಲಿ ಹಸನಬ್ಬನ ರಕ್ತದಲ್ಲಿ ಮಲೇರಿಯಾ ಸಿಕ್ಕಿತ್ತು. ಗಡಗಡ ನಡುಗುತ್ತ ಅವನು ಸೊಳ್ಳೆಯಿದ್ದ ಬಾಟಲಿಯನ್ನು ನರ್ಸ್ ಹಿಲ್ಡಾಳ ಮುಂದಿಟ್ಟ.

"ಜ್ವರ ನೀನೇ ಕೊಟ್ಟದ್ದಾ?" ಹಿಲ್ಡಾ ಕೇಳಿದಳು.

"ಎಂತ ಸಿಸ್ಟರ್! ಇವರಿಂದಲೇ ನನಗೆ ಬಂದದ್ದು. ನನಗೂ ಮಾತ್ರೆ ಕೊಡಿ," ಎಂದಿತು ಸೊಳ್ಳೆ.

"ತಪ್ಪಾಯ್ತು ಮಾರಾಯ್ತಿ," ಎಂದ ಹಸನಬ್ಬ.

ಹಿಲ್ಡಾ ನಗು ನುಂಗಿಕೊಂಡು ಅವನಿಗೆ ಮಾತ್ರೆ ನುಂಗಿಸಿದಳು. ತೂಕ ನೋಡದೆ ಮಾತ್ರೆ ಕೊಡುವಂತಿಲ್ಲವೆಂದು ಸೊಳ್ಳೆಯನ್ನು ತಕ್ಕಡಿಗೆ ಹತ್ತಿಸಿದಳು. ಮುಳ್ಳು ಅಲುಗಲೇ ಇಲ್ಲ.

ಹಸನಬ್ಬ ತೋಳು ಚಾಚಿದ. "ನನ್ನ ರಕ್ತದಲ್ಲಿ ಇನ್ನು ಮದ್ದು ಉಂಟಲ್ಲ, ಅದನ್ನೇ ಕುಡಿಯಲಿ."

"ಊಟಕ್ಕೆ ಮೊದಲಾ, ನಂತರವಾ?" ಸೊಳ್ಳೆ ವಿನಯದಿಂದ ಕೇಳಿತು.

ಹಿಲ್ಡಾ ನಕ್ಕೂ ನಕ್ಕೂ ಕುರ್ಚಿಯಲ್ಲಿ ಕುಸಿದಳು. "ನಿನಗೆ ಅದೇ ಊಟ ಅಲ್ವಾ ಮಾರಾಯ್ತಿ!"