ಹಸಿ ಜಾಲಿಯ ಸ್ಟೂಲು

ಹಸಿ ಜಾಲಿ ಕೊಯ್ದ ವಾಸನೆ ಬಂದರೆ ಈಗಲೂ ನಮ್ಮೂರು ಉಟಗಿಯ ಆ ಬೇಸಿಗೆ ಎದುರು ನಿಲ್ಲುತ್ತದೆ. ನಮಾಜಿಗೆ ನೆಲದ ಮೇಲೆ ಕೂರಲಾಗದ ಅಜ್ಜಿಗೆ ಸ್ಟೂಲು ಮಾಡಲು ಹೊರಟಿದ್ದೆ. ಅದೇ ನನ್ನ ಮೊದಲ ಬಡಗಿತನ.

"ಕಟಗಿ ಬಾವ್ಯಾಗ ನೆನೀಬೇಕು, ಆಮ್ಯಾಲ ಒಣಗಬೇಕು. ಒಂದ್ ಮಳಿಗಾಲ ಕಳೀಲಿ," ಎಂದರು ಓಣಿಯ ಬಡಗಿ ಕಾಕಾ.

"ಅಲ್ಲೀತನಕ ಅಜ್ಜಿ ಮೊಣಕಾಲು ಕಾಯ್ತಾವೇನ್ರಿ?"

ಕಾಕಾ ತಮ್ಮ ಉಳಿ ತೆಗೆದು ಕೊಟ್ಟರು.

ಸ್ಟೂಲಿನ ಕಾಲುಗಳು ಹಲಗೆಯ ತೂತಿನಲ್ಲಿ ಬಿಗಿಯಾಗಿ ಕೂತವು. ಆದರೆ ಬಿಸಿಲಿಗೆ ಕಟ್ಟಿಗೆ ಒಣಗುತ್ತ ಹೋದಂತೆ ಒಂದೊಂದೇ ಸಡಿಲಾದವು. ಚಕ್ಕೆ ತುರುಕಿದೆ, ಹಗ್ಗ ಬಿಗಿದೆ, ನಿಲ್ಲಲಿಲ್ಲ.

"ಅಳತಿ ಬರೋಬ್ಬರಿನ ಇತ್ತಜ್ಜಿ, ಕಟಗೀನ ಒಣಗಿ ಸಣ್ಣ ಆತು," ಎಂದೆ.

ಅಜ್ಜಿ ಗೋಡೆ ಹಿಡಿದು ಆ ಸ್ಟೂಲಿನ ಮೇಲೆಯೇ ಕೂತಳು. "ಯಾರ್ ಇಲ್ಲ ಅಂದ್ರು? ನನ್ನ ಕಾಲೂ ಮೊದಲ ಬರೋಬ್ಬರಿನ ಇದ್ದುವಲ್ಲ."

ನಮಾಜು ಮುಗಿಯುವವರೆಗೂ ನಾನು ಹಿಂದೆ ಕೂತು, ಸ್ಟೂಲಿನ ಕಾಲುಗಳನ್ನು ಎರಡೂ ಕೈಯಿಂದ ಅವುಚಿ ಹಿಡಿದಿದ್ದೆ.