ಸಮುದ್ರದ ಆಚೆ ದಂಡೆ
ಕೊಲಂಬೊದ ಸಮುದ್ರದಂಡೆಯಲ್ಲಿ ಇಂದು ನಾನು ಎತ್ತಿಕೊಂಡ ಈ ಕವಡೆ ಮೀನು ನಾರುತ್ತಿದೆ. ಕಾಕಾ ತಂದಿದ್ದ ಕವಡೆ ವಿಜಾಪುರದ ಸಿದ್ಧೇಶ್ವರ ಗುಡಿ ಮುಂದಿನ ಅಂಗಡಿಗಳಂತೆ ಊದುಬತ್ತಿಯ ವಾಸನೆ ಬೀರುತ್ತಿತ್ತು.

ಎಪ್ಪತ್ತರ ದಶಕದ ಒಂದು ಮಧ್ಯಾಹ್ನ, ಎರಡು ತಿಂಗಳು ಕಾಣೆಯಾಗಿದ್ದ ಕಾಕಾ ಟಿಕೋಟಾದ ನಮ್ಮ ಮನೆಗೆ ಮರಳಿದ. ಕೊಲಂಬೊ ಪಟ್ಟಣವನ್ನೂ ಸುತ್ತಲಿನ ಸಮುದ್ರದಂಡೆಯ ಊರುಗಳನ್ನೂ ನೋಡಿ ಬಂದೆನೆಂದ. ಆ ಕವಡೆಯನ್ನು ನನ್ನ ಅಂಗೈಗಿಟ್ಟ.

“ಸಮುದ್ರ ಎಷ್ಟ ದೊಡ್ಡದೈತೋ ಯಪ್ಪಾ?” ಅಜ್ಜಿ ಕೇಳಿದಳು.

“ಭಾಳ ದೊಡ್ಡದೈತಿ ಬೇ. ಆಚಿ ದಂಡ್ಯಾಗಿನ ಎಮ್ಮಿ ಇಲಿ ಹಂಗ ಕಾಣತಾವು.”

ಮೊರದಲ್ಲಿ ಜೋಳ ಕೇರುತ್ತಿದ್ದ ಅವನ ಹೆಂಡತಿ, ನಮ್ಮ ಕಾಕು, ತಲೆ ಎತ್ತಲಿಲ್ಲ. “ವಿಜಾಪುರದ ಭೂತನಾಳ ಕೆರಿ ದಂಡಿಗೆ ನಿಂತ್ರೂ ಹಂಗ ಕಾಣತಾವ್ರಿ,” ಎಂದಳು. “ಆಚಿ ದಂಡ್ಯಾಗ ಯಾರ ಮನಿ ಐತ್ರಿ?”

ಕಾಕಾ ಕುಡಿಯಲು ನೀರು ಕೇಳಿದ. ಕಾಕು ಜೋಳ ಕೇರುತ್ತಲೇ ಇದ್ದಳು.